ಸ್ಟ್ಯಾಂಡ್ ಇಟ್ಟಾಂವ ಮೋಜಣಿ ಸಾಹೇಬ

ನಮಸ್ಕಾರ್ರಿ ಎಲ್ಲಾರಿಗೂ. ಈಗ ನಿಮಗ ಕಾಣಾಕತ್ತಿದ್ದು ಆಲಮಟ್ಟಿ ಹಿನ್ನೀರು, ಬೀಳಗಿ ತಾಲೂಕಿನ ಕಡೆ. ಆ ದಂಡಿಗೆ ಬೂದಿಬಣ್ಣದ ಹಿಂಡು ಕುಂತೈತಲ್ರಿ, ಅವು ಪಟ್ಟೆತಲೆ ಹೆಬ್ಬಾತು. ಹಿಮಾಲಯ ದಾಟಿ ಚಳಿಗಾಲಕ್ಕ ಇಲ್ಲೀತನಾ ಬರ್ತಾವ. ಅವನ್ನ ತೋರಸಬೇಕಂತನ ನಾ ಬಂದಿದ್ದು. ಆದ್ರ ಇವತ್ತಿನ ವಿಡಿಯೊದಾಗ ಹಕ್ಕಿ ಕಡಿಮಿ, ಮಂದಿ ಜಾಸ್ತಿ.

ಕಡ್ಲಿ ಹೊಲದ ಬದುವಿನ ಮ್ಯಾಲ ಸ್ಟ್ಯಾಂಡ್ ಇಟ್ಟು ಕ್ಯಾಮೆರಾ ಕೂರಿಸಿದ್ದೆ. ಎಲ್ಲೋ ಒಂದು ಮೋಟರ್ ಚಾಲೂ ಆತು. ಅದರ ಹಿಂದ ಇನ್ನೊಂದು. ನೋಡೂದ್ರಾಗ ನಾಕೂ ದಿಕ್ಕಿನ ಹೊಲದಾಗ ಪೈಪಿನಿಂದ ನೀರು ದಬದಬ ಬೀಳಾಕತ್ತು. ಬೆಳೆದು ನಿಂತ ಜ್ವಾಳಕ್ಕ ಈಗ ಯಾಕ ನೀರು ಬಿಡ್ತಾರಪ್ಪಾ ಅಂತ ನೋಡಾಕತ್ತಿದ್ದೆ, ಅಷ್ಟ್ರಾಗ ಒಬ್ರು ಮುತ್ಯಾ ಓಡಿಕೋತ ಬಂದ್ರು. ರುಮಾಲ ಕಳಚಿ ಹೆಗಲಿಗೆ ಬಂದಿತ್ತು, ಕೈಯಾಗ ಪ್ಲಾಸ್ಟಿಕ್ ಚೀಲ. ಚೀಲದಾಗ ಹೊಲದ ಉತಾರ (ಪಹಣಿ), ಕರೆಂಟ್ ಬಿಲ್ಲು, ನಾಕು ಮಡಿಕಿ ಮಾಡಿದ ಒಂದು ಹಳೇ ನಕಾಶೆ.

"ಸಾಹೇಬ್ರ, ನೀರ ನೋಡಿದ್ರೆಲ್ಲ? ಉತಾರದಾಗ ಖುಷ್ಕಿ ಅಂತ ಐತಿ, ಅದನ್ನ ನಂಬಬ್ಯಾಡ್ರಿ. ಇದು ಪೂರಾ ನೀರಾವರಿ!"

ಹೊರಗಿನವರಿಗೆ ಇದು ತಿಳಿಯೂದಿಲ್ಲ, ಅದಕ್ಕ ಇಲ್ಲೇ ಹೇಳ್ತೀನಿ. ಖುಷ್ಕಿ ಅಂದ್ರ ಮಳಿ ನಂಬಿದ ಹೊಲ. ಈ ಡ್ಯಾಮಿಗೆ 1964ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ರು. ಈಗ ನೀರು ನಿಲ್ಲೂದು 519.60 ಮೀಟರಿಗೆ. 524.256 ಮೀಟರ್‌ತನಕ ಏರಸಬಹುದು ಅಂತ ಕೃಷ್ಣಾ ನದಿ ನೀರು ಹಂಚೂ ನ್ಯಾಯಮಂಡಳಿ 2010ರಾಗ ಹೇಳ್ತು. ಅಷ್ಟು ಏರಿದ್ರ ಈ ದಂಡಿ ಹೊಲಾ ಮನಿ ಮುಳುಗ್ತಾವ. ಅಂದಿನಿಂದ ಈ ದಂಡಿ ಊರಿನವರ ಜೀವನ ತೂಗುಯ್ಯಾಲಿ. ಮನಿಗೆ ಹೊಸ ಗೋಡಿ ಕಟ್ಟಬೇಕೋ ಬ್ಯಾಡೋ, ಬಾಂವಿ ತೆಗಿಬೇಕೋ ಬ್ಯಾಡೋ, ಮಗನಿಗೆ ಇದ ಊರಾಗ ಮನಿ ಹೂಡಬೇಕೋ ಬ್ಯಾಡೋ, ಎಲ್ಲಾ ಆ ಐದು ಮೀಟರಿನ ಮ್ಯಾಲ ನಿಂತೈತಿ. 2025ರ ಸೆಪ್ಟೆಂಬರದಾಗ ಸರ್ಕಾರ ಮುಳುಗೂ ಜಮೀನಿಗೆ ಎಕರೆಕ್ಕ ನೀರಾವರಿಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಅಂತ ಪರಿಹಾರ ಗೊತ್ತು ಮಾಡ್ತು. ಅಂದ್ರ ಪೈಪಿನಾಗ ನೀರು ಬರೂದಕ್ಕೂ ಬರದೇ ಇರೂದಕ್ಕೂ ಎಕರೆಕ್ಕ 10 ಲಕ್ಷ ಫರಕು. ಹಂಗಿದ್ದಾಗ ಬದುವಿನ ಮ್ಯಾಲ, ಜಮೀನು ಅಳಿಯೂ ಮೋಜಣಿದವರು ಇಟ್ಟಂಗ, ಮೂರು ಕಾಲಿನ ಸ್ಟ್ಯಾಂಡ್ ಕಂಡ್ರ ಮೋಟರ್ ಚಾಲೂ ಮಾಡದ ಯಾರು ಕುಂದರ್ತಾರ?

"ಮುತ್ಯಾ, ನಾ ಮೋಜಣಿದಾಂವ ಅಲ್ರಿ, ಹಕ್ಕಿ ವಿಡಿಯೊ ಮಾಡಾಕ ಬಂದೀನಿ" ಅಂದೆ. ಮುತ್ಯಾ ನಕ್ಕು ಹಿಂದಿನವರ ಕಡೆ ಹೊಳ್ಳಿ, "ಹಿಂಗ ಹೇಳಂತ ಮ್ಯಾಲಿನವರು ಹೇಳಿ ಕಳಿಸಿರ್ತಾರ" ಅಂದ್ರು. ಅಷ್ಟೊತ್ತಿಗೆ ಹತ್ತಿಪ್ಪತ್ತು ಮಂದಿ ಕೂಡಿದ್ರು. ಒಬ್ರು ಚಿಕ್ಕು ಗಿಡ ತೋರಸಾಕ ಕೈ ಹಿಡಿದು ಜಗ್ಗಿದ್ರ, ಇನ್ನೊಬ್ರು ನೆಲದಾಗ ಹುಗಿದ ಪೈಪ್‌ಲೈನ್ ಎಲ್ಲಿ ಹೊಂಟೈತಿ ಅಂತ ಕಾಲಿಲೆ ಗೆರಿ ಎಳದು ತೋರಿಸಿದ್ರು. ಬದುವಿನ ತಂಟೆ ಇದ್ದ ಅಣ್ಣತಮ್ಮರು ಇಬ್ರೂ ನನ್ನ ಎಡಕ್ಕೊಬ್ರು ಬಲಕ್ಕೊಬ್ರು ನಿಂತು, ನನ್ನ ಕ್ಯಾಮೆರಾದಾಗ ಇಣುಕಿ ಇಣುಕಿ ನೋಡಾಕತ್ರು, ಗೆರಿ ಯಾರ ಕಡೆ ಬಿದ್ದೈತಿ ಅಂತ. ಅದ್ರಾಗ ಕಂಡಿದ್ದು ಹೆಬ್ಬಾತಿನ ಹಿಂಡು. "ಹಕ್ಕಿ ಕುಂತಿದ್ದು ನನ್ನ ಪಾಲಿನ್ಯಾಗ" ಅಂತ ಸಣ್ಣಾಂವ ಹೇಳಿಬಿಟ್ಟ.

ಮುತ್ಯಾನ ಸೊಸಿ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು ತಂದ್ರು. "ಯಕ್ಕಾ, ನಾ ಸಾಹೇಬ ಅಲ್ರಿ" ಅಂತ ಅವರಿಗೂ ಹೇಳಿದೆ. "ಯಾರರ ಇರ್ರಿ, ಮೊದಲ ಉಣ್ರಿ" ಅಂದ್ರು. ಇಡೀ ಊರಾಗ ನನ್ನ ಮಾತು ಕಿವಿಮ್ಯಾಲ ಹಾಕ್ಕೊಂಡವರು ಅವರೊಬ್ರ.

ಇನ್ನ ಖರೇ ಮಜಾ ಮುಂದೈತಿ. ಮಧ್ಯಾಹ್ನ ಇಳಿಹೊತ್ತಿಗೆ ಒಂದು ಜೀಪು ಬಂತು. ಇಳಿದವರು ಖರೇನ ಮೋಜಣಿದವರು. ಈಗ ಅವರ ಹತ್ರ ಅಳಿಯೂ ಸರಪಳಿ ಎಲ್ಲೈತ್ರಿ, ಉಪಗ್ರಹದ ಸಿಗ್ನಲ್ ಹಿಡಿದು ಜಾಗ ಅಳಿಯೂ ರೋವರ್ ಅನ್ನೂ ಮಷಿನ್ ಬಂದೈತಿ. ಉದ್ದನ್ನ ಕೋಲು, ತುದಿಗೆ ಬಿಳೇ ಡಬ್ಬಿ. ಊರಿನ ಹುಡುಗರು ಅದನ್ನ ನೋಡಿ ಸೆಲ್ಫಿ ಕೋಲು ಅಂದ್ಕೊಂಡ್ರು. "ಯೂಟ್ಯೂಬ್‌ದವರು ಬಂದ್ರೋ!" ಅಂತ ಕೂಗಿ, ಆ ಕೋಲಿನ ಮುಂದ ಸಾಲಾಗಿ ನಿಂತು ಕುಣಿಯಾಕತ್ರು. "ಏ, ಬಾಜೂಕ ಸರೀರಿ, ಪಾಯಿಂಟ್ ತಗೋಬೇಕು" ಅಂತ ಅವರು ಗದರಿದ್ರ, ಒಬ್ಬ ಸಣ್ಣ ಹುಡುಗಿ, "ಸರ್ರ, ವಿಡಿಯೊ ಯಾವಾಗ ಬಿಡ್ತೀರಿ?" ಅಂತ ಕೇಳಿತು.

ಅವರು ಮುತ್ಯಾನ ಹೊಲದಾಗ ಕಾಲಿಟ್ರು. ಮುತ್ಯಾ ಅಡ್ಡ ನಿಂತ್ರು. "ನಮ್ ಸಾಹೇಬ್ರು ಮುಂಜಾನಿಂದ ಎಲ್ಲಾ ನೋಡ್ಯಾರ, ನಮ್ಮ ಮನಿ ಊಟಾ ಉಂಡಾರ. ನೀವ್ಯಾರು?"

ಆ ಅಧಿಕಾರಿ ಗುರುತಿನ ಚೀಟಿ ತೋರಿಸಿದ್ರೂ ಮುತ್ಯಾ ಜಪ್ಪಯ್ಯಾ ಅನ್ಲಿಲ್ಲ. ಊರಿನ ವಾಲೀಕಾರ ಬಂದು, "ಯಪ್ಪಾ, ಇವರ ಖರೇ ಸಾಹೇಬ್ರು, ಅಂವಾ ಹಕ್ಕಿ ಹುಡುಗ" ಅಂತ ಹೇಳಿದ ಮ್ಯಾಲ ಒಂದು ಗಳಿಗಿ ಎಲ್ಲಾರೂ ಸುಮ್ಮನಾದ್ರು. ಆಮ್ಯಾಲ ಸೊಸಿ ಸೆರಗು ಬಾಯಿಗೆ ಹಿಡಿದು ನಗಾಕತ್ರು, ಅಣ್ಣತಮ್ಮರು ಎಷ್ಟೋ ದಿನದ ಮ್ಯಾಲ ಒಬ್ಬರ ಮಾರಿ ಒಬ್ಬರು ನೋಡಿ ನಕ್ರು, ಆ ಅಧಿಕಾರಿಗೂ ನಗಿ ತಡಿಲಿಲ್ಲ.

ಮುತ್ಯಾ ಮಾತ್ರ ನಗಲಿಲ್ಲ. ನನ್ನ ಕಡೆ ಬಂದು, "ತಮ್ಮಾ, ನಿನ್ನ ವಿಡಿಯೊ ಎಷ್ಟು ಮಂದಿ ನೋಡ್ತಾರ?" ಅಂದ್ರು. ಸಾವಿರಾರು ಮಂದಿ ಮುತ್ಯಾ ಅಂದೆ. "ಹಂಗಾರ ನೀನೂ ನನ್ನ ಗಿಡ ಎಣಿಸಿ ಹೇಳು. ಸರ್ಕಾರದ ಕಾಗದದಾಗ ಒಂದ್ ಲೆಕ್ಕ ಇರ್ಲಿ, ಮಂದಿ ಕಿವ್ಯಾಗ ಒಂದ್ ಲೆಕ್ಕ ಇರ್ಲಿ."

ಅದಕ್ಕ ಇಬ್ರೂ ಕೂಡಿ ಎಣಿಸಿಕೋತ ಹೊಂಟಿದ್ದನ್ನ ನೀವೀಗ ನೋಡಾಕತ್ತೀರಿ. ಚಿಕ್ಕು 42. ಮಾವು 6. ತೆಂಗು 11. ಬಾಂವಿ ಹತ್ರ ಒಂದು ಹುಣಸಿ ಗಿಡ, ಮುತ್ಯಾನ ಅಪ್ಪ ಹಚ್ಚಿದ್ದು. ಒಂದು ಬಾಂವಿ, ಅದ್ರಾಗ ನೀರೈತಿ.