ಒಂದೇ ಗೇರಿನ ಸೈಕಲ್, ಜೋತು ಬಿದ್ದ ಚೈನ್

ಕೇಳುಗರಿಗೆ ನಮಸ್ಕಾರ.

ಹಳೆಯ ಮೌಂಟನ್ ಬೈಕ್ ಒಂದು ಗೋಡೆಗೆ ಒರಗಿಕೊಂಡು ಧೂಳು ತಿನ್ನುತ್ತಿದೆ ಅಂದುಕೊಳ್ಳಿ. ಫ್ರೇಮ್ ಗಟ್ಟಿಯಾಗಿದೆ. ಗಾಲಿ ಓಲಾಡದೆ ತಿರುಗುತ್ತದೆ. ಬ್ರೇಕೂ ಹಿಡಿಯುತ್ತದೆ. ಕೆಟ್ಟಿರುವುದು ಗೇರ್ ಮಾತ್ರ. ಒತ್ತಿದಾಗ ಬದಲಾಗುವುದಿಲ್ಲ, ಸುಮ್ನೆ ಇದ್ದಾಗ ತಾನಾಗಿಯೇ ಬದಲಾಗುತ್ತದೆ. ಸ್ಟಿಕರ್ ಮೇಲೆ 21 ಗೇರ್ ಅಂತ ಬರೆದಿದೆ, ಕೆಲಸಕ್ಕೆ ಬರುವುದು ಎರಡೋ ಮೂರೋ. ಇಂಥ ಸೈಕಲ್ಲಿನ ಗೇರೆಲ್ಲ ತೆಗೆದು, ಮುಂದೆ ಒಂದು ಹಲ್ಲಿನ ಚಕ್ರ, ಹಿಂದೆ ಒಂದು ಹಲ್ಲಿನ ಚಕ್ರ ಇಟ್ಟು ಓಡಿಸುವುದು ಹೇಗೆ ಅಂತ ಇವತ್ತು ಮಾತಾಡೋಣ.

"ಅಷ್ಟೇನಾ? ಬೇಡದ್ದನ್ನೆಲ್ಲ ಬಿಚ್ಚಿದರೆ ಆಯ್ತಲ್ವಾ?" ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಒಂದು ಭಾನುವಾರ ಬೆಳಿಗ್ಗೆ ಪಾನಾ ಹಿಡಿದು ಕೂತೆ. ಮಧ್ಯಾಹ್ನದ ಹೊತ್ತಿಗೆ ಬಿಚ್ಚುವುದೆಲ್ಲ ಮುಗಿದಿತ್ತು. ಚೈನ್ ಮಾತ್ರ ಒದ್ದೆ ಬಟ್ಟೆ ಹೊತ್ತ ಹಗ್ಗದ ಹಾಗೆ ಜೋತು ಬಿದ್ದಿತ್ತು.

ಹಿಂದಿನ ಡೀರೇಲರ್ ಇದೆಯಲ್ಲ, ಅದು ಎರಡು ಕೆಲಸ ಮಾಡುತ್ತದೆ. ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಅದರ ತುದಿಯ ಎರಡು ಪುಟ್ಟ ಗಾಲಿಗಳು ಸ್ಪ್ರಿಂಗಿನ ಬಲದಲ್ಲಿ ಚೈನನ್ನು ಸದಾ ಎಳೆದು ಹಿಡಿದಿರುತ್ತವೆ. ಇದು ಯಾರ ಕಣ್ಣಿಗೂ ಬೀಳದ ಕೆಲಸ. ಡೀರೇಲರ್ ಕಿತ್ತ ಮೇಲೆ ಈ ಎರಡನೆಯ ಕೆಲಸಕ್ಕೆ ಆಳಿಲ್ಲ.

ಹಾಗಾಗಿ ಒಂದು ಸಾಮಾನೂ ಕೊಳ್ಳುವ ಮುಂಚೆ ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಒಂದು ಜಾಗ ನೋಡಿ. ಹಿಂದಿನ ಗಾಲಿಯ ಆಕ್ಸಲ್ ಫ್ರೇಮಿಗೆ ಸೇರುವ ಸೀಳು. ಅದು ಅಡ್ಡಕ್ಕೆ, ನೆಲದ ಗುಂಟ ಇದ್ದರೆ ನಿಮ್ಮ ಅದೃಷ್ಟ. ಗಾಲಿಯನ್ನು ಹಿಂದಕ್ಕೆ ಎಳೆದು ನಟ್ ಬಿಗಿ ಮಾಡಿದರೆ ಚೈನ್ ಬಿಗಿಯಾಯಿತು. ಸೀಳು ಮೇಲಿಂದ ಕೆಳಕ್ಕೆ ನೆಟ್ಟಗಿದ್ದರೆ ಆಕ್ಸಲ್ ಹಿಂದೆ ಮುಂದೆ ಸರಿಯುವ ಮಾತೇ ಇಲ್ಲ. 1990ರ ದಶಕದಿಂದ ಈಚಿನ ಗೇರಿನ ಮೌಂಟನ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಈ ನೆಟ್ಟಗಿನ ಸೀಳೇ. ನನ್ನದೂ ಅದೇ. ಆ ಕಥೆಗೆ ಆಮೇಲೆ ಬರುತ್ತೇನೆ.

ಮೌಂಟನ್ ಬೈಕಿನ ಗೇರ್ ಕೀಳುವುದು ಅದಕ್ಕೆ ಮಾಡುವ ಅವಮಾನ ಅನ್ನುವವರಿದ್ದಾರೆ. ಅವರಿಗೆ ನಾನು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕಥೆ ಹೇಳುತ್ತೇನೆ. 1970ರ ದಶಕದಲ್ಲಿ ಅಲ್ಲಿನ ಹುಡುಗರು ದಪ್ಪ ಟೈರಿನ ಹಳೇ ಸೈಕಲ್‌ಗಳನ್ನು ಗುಡ್ಡಕ್ಕೆ ಹೊತ್ತೊಯ್ದು ಮಣ್ಣಿನ ದಾರಿಯಲ್ಲಿ ಕೆಳಕ್ಕೆ ಬಿಡುತ್ತಿದ್ದರು. ಆ ಹಳೇ ಸೈಕಲ್‌ಗಳಿಗೆ ಮೂಲದಲ್ಲಿ ಇದ್ದದ್ದು ಒಂದೇ ಗೇರ್. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಹಿಂದಿನ ಗಾಲಿಯ ನಡುವಿನ ಹಬ್ಬಿನ ಒಳಗೇ ಇತ್ತು. ಒಂದು ಸಲ ಇಳಿಯುವಷ್ಟರಲ್ಲಿ ಹಬ್ ಕಾದು ಗ್ರೀಸ್ ಸುಟ್ಟು ಹೊಗೆ ಬರುತ್ತಿತ್ತು, ಮತ್ತೆ ಗ್ರೀಸ್ ತುಂಬಬೇಕಾಗುತ್ತಿತ್ತು. 1976ರಲ್ಲಿ ಶುರುವಾದ ಅವರ ಪಂದ್ಯಕ್ಕೆ 'ರೀಪ್ಯಾಕ್', ಅಂದರೆ ಮತ್ತೆ ತುಂಬುವುದು, ಅಂತ ಹೆಸರು ಬಂದದ್ದು ಹಾಗೆ. 15 ಗೇರಿನ ಸ್ಟಂಪ್‌ಜಂಪರ್ ಅನ್ನುವ ಮೌಂಟನ್ ಬೈಕ್ ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ಅಂದರೆ ನಾವು ಬೈಕನ್ನು ಅದರ ತವರಿಗೆ ಕಳಿಸುತ್ತಿದ್ದೇವೆ, ಅಷ್ಟೇ.

ಈಗ ಹಲ್ಲಿನ ಲೆಕ್ಕ. 26 ಇಂಚಿನ ಗಾಲಿಗೆ ಜನ ಜಾಸ್ತಿ ಆರಿಸುವುದು ಮುಂದೆ 32 ಹಲ್ಲು, ಹಿಂದೆ 16. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಎರಡು ಸುತ್ತು. ಆ ಗಾಲಿ ಒಂದು ಸುತ್ತಿಗೆ 2 ಮೀಟರಿಗಿಂತ ತುಸು ಜಾಸ್ತಿ ಉರುಳುತ್ತದೆ, ಹಾಗಾಗಿ ಪೆಡಲಿನ ಒಂದು ಸುತ್ತಿಗೆ 4 ಮೀಟರ್ ದಾಟುತ್ತೀರಿ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 15 ಕಿಲೋಮೀಟರ್. 90 ಸುತ್ತು ತುಳಿದರೆ 22. ಅದರಾಚೆ ಕಾಲು ಸುಮ್ನೆ ಗಾಳಿಯಲ್ಲಿ ಗಿರಗಿರ ತಿರುಗುತ್ತದೆ. ಸಮತಟ್ಟು ರಸ್ತೆಯೇ ಜಾಸ್ತಿ ಇದ್ದರೆ ಮುಂದೆ 36 ಇರಲಿ. ಏರು ಜಾಸ್ತಿ ಇದ್ದರೆ ಹಿಂದೆ 18 ಅಥವಾ 20. ಪುಸ್ತಕದ ಲೆಕ್ಕಕ್ಕಿಂತ ಒಳ್ಳೆಯ ಉಪಾಯ ಒಂದಿದೆ. ಬಿಚ್ಚುವ ಮುಂಚೆ ಒಂದು ವಾರ ಒಂದೇ ಗೇರಿನಲ್ಲಿ ಓಡಿಸಿ, ಶಿಫ್ಟರ್ ಮುಟ್ಟಬೇಡಿ. ಮಂಡಿ ಏನು ಹೇಳುತ್ತದೆ ಕೇಳಿ. ಆಮೇಲೆ ಆ ಎರಡು ಚಕ್ರಗಳ ಹಲ್ಲು ಎಣಿಸಿ ಬರೆದಿಟ್ಟುಕೊಳ್ಳಿ.

ಹಿಂದಿನ ಹಲ್ಲುಗಳ ಗೊಂಚಲು ಎರಡು ಬಗೆ. ಫ್ರೀವೀಲ್ ಅನ್ನುವುದು ಇಡಿಯಾಗಿ ಹಬ್ಬಿನ ಮೇಲೆ ಮರೆಯಿಂದ, ಅಂದರೆ ತಿರುಪಿನ ಹಾಗೆ ತಿರುಗಿ, ಕೂರುತ್ತದೆ. ಕ್ಯಾಸೆಟ್ ಹಬ್ಬಿನ ಮೇಲೆ ಬಳೆಯ ಹಾಗೆ ಜಾರಿ ಕೂರುತ್ತದೆ, ಮೇಲೊಂದು ಬಿಗಿ ಉಂಗುರ. ಗುರುತು ಹಿಡಿಯೋದು ಸುಲಭ. ಗಾಲಿ ಬಿಚ್ಚಿ, ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ. ಉಪಕರಣ ಕೂರಿಸುವ ನಡುವಿನ ಗೀರುಗಳು ಹಲ್ಲಿನ ಜೊತೆಗೇ ತಿರುಗಿದರೆ ಕ್ಯಾಸೆಟ್. ನಿಂತಲ್ಲೇ ನಿಂತರೆ ಫ್ರೀವೀಲ್.

ಫ್ರೀವೀಲ್ ತೆಗೆಯುವುದು ಒಂದು ಕುಸ್ತಿ. ವರ್ಷಗಟ್ಟಲೆ ನೀವು ತುಳಿದ ಪ್ರತಿ ತುಳಿತವೂ ಅದನ್ನು ಇನ್ನಷ್ಟು ಬಿಗಿ ಮಾಡಿರುತ್ತದೆ. ಸ್ಪ್ಯಾನರ್ ಹಾಕಿ ಜಗ್ಗಿದರೆ ಸ್ಪ್ಯಾನರ್ ಜಾರುತ್ತದೆ, ಬೆರಳಿನ ಗೆಣ್ಣು ಸುಲಿಯುತ್ತದೆ. ಬಿಚ್ಚುವ ಉಪಕರಣವನ್ನು ಮೇಜಿನ ವೈಸಿನಲ್ಲಿ ಕಚ್ಚಿಸಿ, ಗಾಲಿಯನ್ನು ಮಲಗಿಸಿ ಅದರ ಮೇಲೆ ಕೂರಿಸಿ. ಜಾರದ ಹಾಗೆ ಆಕ್ಸಲ್ ನಟ್ಟನ್ನು ಮೆಲ್ಲಗೆ ತಾಗಿಸಿಡಿ. ಈಗ ಟೈರನ್ನು ಎರಡೂ ಕೈಯಲ್ಲಿ ಬಸ್ಸಿನ ಸ್ಟೀರಿಂಗ್ ಹಿಡಿದ ಹಾಗೆ ಹಿಡಿದು ಎಡಕ್ಕೆ ತಿರುಗಿಸಿ. 'ಟಕ್' ಅಂತ ಒಂದು ಸದ್ದು ಬರುತ್ತದೆ. ಏನೋ ಮುರಿಯಿತು ಅಂತ ಎದೆ ಹಾರುತ್ತದೆ. ಮುರಿದಿಲ್ಲ, ಬಿಟ್ಟಿದೆ. ಅಲ್ಲಿಗೆ ನಿಲ್ಲಿಸಿ, ನಟ್ ಸಡಿಲಿಸಿ, ಆಮೇಲೆ ಮುಂದುವರಿಸಿ. ಆ ಜಾಗಕ್ಕೆ ಬಿಎಂಎಕ್ಸ್ ಸೈಕಲ್ಲಿನ ಒಂಟಿ ಫ್ರೀವೀಲ್ ಬರುತ್ತದೆ, ಸಾಮಾನ್ಯವಾಗಿ ಮರೆ ಒಂದೇ.

ಕ್ಯಾಸೆಟ್ ಇದ್ದರೆ ಕೆಲಸ ಹಗುರ, ಲಾಭವೂ ಜಾಸ್ತಿ. ಒಂದು ಹಲ್ಲಿನ ಚಕ್ರ ಇಟ್ಟು, ಉಳಿದ ಜಾಗಕ್ಕೆ ಸ್ಪೇಸರ್ ಅನ್ನುವ ಹಲ್ಲಿಲ್ಲದ ಉಂಗುರ ತುಂಬುತ್ತೀರಿ. ಒಳಗೆ ಎರಡು ಸ್ಪೇಸರ್ ಹೆಚ್ಚು, ಹೊರಗೆ ಎರಡು ಕಡಿಮೆ ಅಂತ ಆಟ ಆಡಿಸಿ ಹಲ್ಲನ್ನು ಬೇಕಾದ ಕಡೆ ನಿಲ್ಲಿಸಬಹುದು. ಬೇಕಾದ ಕಡೆ ಅಂದರೆ ಮುಂದಿನ ಹಲ್ಲಿನ ನೇರಕ್ಕೆ. ಉದ್ದನೆಯ ಸ್ಕೇಲನ್ನು ಮುಂದಿನ ಚಕ್ರಕ್ಕೆ ಆನಿಸಿ ಹಿಂದಕ್ಕೆ ಚಾಚಿ ನೋಡಿ. ಒಂದೆರಡು ಮಿಲಿಮೀಟರ್ ಆಚೀಚೆ ಇದ್ದರೆ ನಡೆಯುತ್ತದೆ. ಮುಂದೆ ಮೂರು ಚಕ್ರ ಇದ್ದ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ನಡುವಿನದೇ ಸರಿ ಹೊಂದುತ್ತದೆ. ಉಳಿದೆರಡು ತೆಗೆದ ಮೇಲೆ ಹಳೇ ಬೋಲ್ಟ್ ಉದ್ದವಾಗುತ್ತದೆ, ಗಿಡ್ಡ ಬೋಲ್ಟ್ ಬೇಕು.

ನನ್ನ ತಪ್ಪು ಇಲ್ಲೇ ಆಯಿತು. ಹಳೇ ಕ್ಯಾಸೆಟ್ಟಿನಿಂದಲೇ ಒಂದು ಹಲ್ಲಿನ ಚಕ್ರ ಬಿಡಿಸಿ ಹಾಕಿದ್ದೆ. ಗೇರ್ ಸೈಕಲ್ಲಿನ ಹಲ್ಲನ್ನು ಹತ್ತಿರದಿಂದ ನೋಡಿದ್ದೀರಾ? ಕೆಲವು ಹಲ್ಲು ಗಿಡ್ಡ, ಕೆಲವು ಸೊಟ್ಟ, ಪಕ್ಕದಲ್ಲಿ ಸಣ್ಣ ಇಳಿಜಾರು. ಚೈನ್ ಬೇಗ ಬಿಟ್ಟುಕೊಡಲಿ ಅಂತಲೇ ಹಾಗೆ ಮಾಡಿರುತ್ತಾರೆ. ನಮಗೆ ಬೇಕಾದದ್ದು ಬಿಡದ ಹಲ್ಲು, ಎತ್ತರ ಇರುವ ಹಲ್ಲು. ಒಂದು ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿದೆ. ಚೈನ್ ಹಾರಿತು. ಕಾಲ ಕೆಳಗಿನ ಪೆಡಲ್ ಒಮ್ಮೆಲೇ ಖಾಲಿ, ಮಂಡಿ ಹೋಗಿ ಹ್ಯಾಂಡಲ್ಲಿಗೆ ಬಡಿಯಿತು. ಒಂದು ವಾರ ಮೆಟ್ಟಿಲು ಇಳಿಯುವಾಗೆಲ್ಲ ಆ ಹಲ್ಲು ನೆನಪಾಗುತ್ತಿತ್ತು. ಸಿಂಗಲ್ ಸ್ಪೀಡಿಗೆಂದೇ ಮಾಡಿದ ಎತ್ತರದ ಹಲ್ಲಿನ ಚಕ್ರ ತಂದೆ.

ಉಳಿದದ್ದು ಬಿಗಿಯ ಪ್ರಶ್ನೆ. ನೆಟ್ಟಗಿನ ಸೀಳಿನ ಸೈಕಲ್ಲಿಗೆ 'ಮ್ಯಾಜಿಕ್ ಗೇರ್' ಅಂತ ಒಂದು ಆಸೆ ಇದೆ. ಹಲ್ಲುಗಳ ಲೆಕ್ಕ ಹೇಗೋ ಹೊಂದಿ, ಏನೂ ಸರಿಸದೆ ಚೈನ್ ತಾನಾಗಿ ಬಿಗಿಯಾಗಿ ಕೂರುವುದು. ಒಂದು ಹಲ್ಲು ಹೆಚ್ಚು ಕಡಿಮೆ ಮಾಡಿದರೆ ಆಕ್ಸಲ್ ಲೆಕ್ಕದಲ್ಲಿ 3 ಮಿಲಿಮೀಟರ್ ಸರಿದ ಹಾಗೆ. ಹಿಂದೆ 17 ಹಾಕಿದಾಗ ನನಗೆ ಅದು ಕೂತೇ ಬಿಟ್ಟಿತು. ಎಷ್ಟು ಖುಷಿ ಅಂದರೆ, ಅವತ್ತು ರಾತ್ರಿ ಎದ್ದು ಹೋಗಿ ಇನ್ನೊಂದು ಸಲ ನೋಡಿಕೊಂಡು ಬಂದೆ. ಕೆಲವೇ ವಾರಗಳಲ್ಲಿ ಚೈನ್ ಮತ್ತೆ ಜೋತಿತು. ಚೈನಿನ ಪಿನ್ನುಗಳು ಸವೆದಂತೆ ಅದು ಉದ್ದವಾಗುತ್ತದೆ. ನೂರಕ್ಕೆ ಅರ್ಧ ಭಾಗ ಉದ್ದವಾದರೂ ಒಟ್ಟು ಚೈನಿಗೆ ಸುಮಾರು 6 ಮಿಲಿಮೀಟರ್. ಕೆಳಗೆ ಜೋಲುವುದಕ್ಕೆ ಅಷ್ಟು ಧಾರಾಳ ಸಾಕು. ನಡುವೆ ಬೆರಳಿಟ್ಟು ಒತ್ತಿದರೆ ಒಂದು ಸೆಂಟಿಮೀಟರ್ ಆಡಬೇಕು, ಅದಕ್ಕಿಂತ ಜಾಸ್ತಿ ಆಡಿದರೆ ಹಾರುವ ಭಯ.

ಕೊನೆಗೆ ಡಬ್ಬಿಯಲ್ಲಿ ಎಸೆದಿದ್ದ ಹಳೇ ಡೀರೇಲರನ್ನೇ ಹೊರತೆಗೆದೆ. ಗೇರ್ ಬದಲಿಸುವುದಕ್ಕಲ್ಲ, ಸುಮ್ನೆ ಚೈನ್ ಹಿಡಿದುಕೊಂಡು ಕೂರುವುದಕ್ಕೆ. ಕೇಬಲ್ ಇಲ್ಲದಿದ್ದರೆ ಅದು ಸ್ಪ್ರಿಂಗಿನ ಎಳೆತಕ್ಕೆ ಹೊರಕ್ಕೆ ಓಡುತ್ತದೆ. ಅದಕ್ಕೆ ಹಳೇ ಗೇರ್ ಕೇಬಲ್ಲಿನ ಗುಂಡಿ ಇರುವ ತುದಿಯಿಂದ ಒಂದು ಗೇಣಿಗಿಂತ ಕಡಿಮೆ ಕತ್ತರಿಸಿ, ಡೀರೇಲರಿನ ಹಿಂದಿನ ತಿರುಪಿನಲ್ಲಿ ತೂರಿಸಿ, ಕೇಬಲ್ ಕಚ್ಚುವ ಬೋಲ್ಟಿಗೆ ಬಿಗಿದೆ. ಆ ತಿರುಪನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ಪೆಡಲ್ ಆಡಿಸುತ್ತಾ ಹೋದೆ. ಪುಟ್ಟ ಗಾಲಿ ಹಲ್ಲಿನ ನೇರ ಕೆಳಗೆ ಬಂದ ಗಳಿಗೆಯಲ್ಲಿ ಕಿರಿಕಿರಿ ಸದ್ದು ನಿಂತಿತು.

ಒಂದು ಎಚ್ಚರಿಕೆ. ಸ್ಪ್ರಿಂಗಿನ ಈ ಉಪಾಯ ತುಳಿಯದೆಯೂ ಗಾಲಿ ಉರುಳುವ ಸೈಕಲ್ಲಿಗೆ ಮಾತ್ರ. ಹಿಂದಕ್ಕೆ ತುಳಿದು ಬ್ರೇಕ್ ಹಾಕುವ ಹಬ್ಬಿಗೆ, ಗಾಲಿ ತಿರುಗಿದಾಗೆಲ್ಲ ಪೆಡಲೂ ತಿರುಗುವ 'ಫಿಕ್ಸಿ' ಸೈಕಲ್ಲಿಗೆ ಇದು ಬೇಡ. ಅಡ್ಡ ಸೀಳಿನವರು ಗಾಲಿ ಸರಿಸಿದ ಮೇಲೆ ಬ್ರೇಕಿನ ರಬ್ಬರು ಈಗಲೂ ರಿಮ್ಮಿಗೇ ತಾಗುತ್ತಿದೆಯಾ, ಟೈರನ್ನು ಉಜ್ಜುತ್ತಿದೆಯಾ ಅಂತ ನೋಡಿಕೊಳ್ಳಿ.

ನನ್ನ ಸೈಕಲ್ಲಿನಲ್ಲಿ ಆ ಡೀರೇಲರ್ ಎರಡು ವರ್ಷದಿಂದ ಹಾಗೇ ಇದೆ. ನೋಡಿದವರು "ಇದು ಎಷ್ಟು ಗೇರಿಂದು?" ಅಂತ ಕೇಳುತ್ತಾರೆ. ಒಂದೇ ಅಂದರೆ, ಬಗ್ಗಿ ಡೀರೇಲರ್ ನೋಡಿ ನನ್ನ ಮುಖ ನೋಡುತ್ತಾರೆ.

ನಮಸ್ಕಾರ.