ಅಲೆಗೆ ಗಿಡ್ಡ ಹುಟ್ಟು

ಕೇಳುಗರೇ, ನಮಸ್ಕಾರ. ಧಾರವಾಡದಲ್ಲಿ ಕೂತು ಸಮುದ್ರದ ಮಾತು ಯಾಕೆ ಅಂತ ನಿಮಗೆ ಅನಿಸಬಹುದು. ಆದರೆ ನಸುಕಿನಲ್ಲಿ ಹುಬ್ಬಳ್ಳಿ ಬಿಟ್ಟು, ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ, ಮಧ್ಯಾಹ್ನದ ಊಟಕ್ಕೆ ಮೊದಲೇ ಗೋಕರ್ಣದ ಮರಳಿನ ಮೇಲೆ ಇರುತ್ತೀರಿ. ನಮ್ಮ ಕಡೆಯ ಹುಡುಗರು ಈಗ ಹಾಗೇ ಹೋಗುತ್ತಿದ್ದಾರೆ. ಉದ್ದನೆಯ ಹಲಗೆಯ ಮೇಲೆ ನಿಂತು, ಕೈಯಲ್ಲಿ ಹುಟ್ಟು, ಅಂದರೆ ಪ್ಯಾಡಲ್, ಹಿಡಿದು, ಅಲೆಯ ಜೊತೆ ದಂಡೆಗೆ ಜಾರಿ ಬರುವ ಆಟ. ಸ್ಟ್ಯಾಂಡ್ ಅಪ್ ಪ್ಯಾಡಲ್ ಅಂತಾರೆ. ಸಪ್ ಅಂದರೂ ನಡೆಯುತ್ತದೆ.

ಇವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಪ್ಯಾಡಲ್ ಕಾರ್ಬನ್‌ದು ತಗೊಳ್ಳಲಾ, ಫೈಬರ್‌ಗ್ಲಾಸ್‌ದಾ? ಅಯ್ಯೋ, ಅದು ಆಮೇಲಿನ ಮಾತು. ಮೊದಲು ಉದ್ದ ನೋಡಿ. ಅಲೆಗೆ ಗಿಡ್ಡ ಹುಟ್ಟು ಬೇಕು.

ನಿಂತ ನೀರಿನಲ್ಲಿ ನಿಮ್ಮ ಎತ್ತರಕ್ಕಿಂತ 8ರಿಂದ 10 ಇಂಚು ಉದ್ದ ಇರಲಿ. ಅಲೆಯಲ್ಲಿ ನಿಮ್ಮ ಎತ್ತರದಷ್ಟೇ, ಹೆಚ್ಚೆಂದರೆ 4-5 ಇಂಚು ಜಾಸ್ತಿ. ಯಾಕೆ? ಅಲೆ ಸಿಕ್ಕಾಗ ನೀವು ಮೊಣಕಾಲು ಬಗ್ಗಿಸಿ ಕುಗ್ಗುತ್ತೀರಿ. ಮೈ ಗಿಡ್ಡ ಆಯಿತು, ಹುಟ್ಟು ಅಷ್ಟೇ ಉದ್ದ ಉಳಿಯಿತು. ಮೇಲಿನ ಕೈ ತಲೆ ದಾಟಿ ಹೋಗುತ್ತದೆ, ಭುಜ ಹಿಡಿಯುತ್ತದೆ. ಎಡದಿಂದ ಬಲಕ್ಕೆ ಹುಟ್ಟು ದಾಟಿಸುವಷ್ಟರಲ್ಲಿ ಅಲೆ ಮುಂದೆ ಹೋಗಿರುತ್ತದೆ. ಮದುವೆ ಮನೆಯ ಹಂಡೆ ಸೌಟಿನಲ್ಲಿ ಬೋಗುಣಿಯ ಸಾರು ಬಡಿಸಿದ ಹಾಗೆ.

ನಾನೂ ಹಾಗೆ ಬಡಿಸಿದವನೇ. ನನ್ನ ಎತ್ತರ 5 ಅಡಿ 7 ಇಂಚು. ಕಲಿತದ್ದು ದಾಂಡೇಲಿ ಹತ್ತಿರ, ಕಾಳಿ ನದಿಯ ಶಾಂತ ನೀರಿನಲ್ಲಿ. ಅಲ್ಲಿಗೆ ಅಂತ 6 ಅಡಿ 5 ಇಂಚಿನ ಪ್ಯಾಡಲ್ ಕೊಂಡಿದ್ದೆ. ಕಾರ್ಬನ್‌ದು, ಜಂಬಕ್ಕೆ. ಅದನ್ನೇ ಗೋಕರ್ಣದ ಕುಡ್ಲೆ ಬೀಚಿಗೆ ಹೊತ್ತೆ. ಮೊದಲ ಅಲೆ ಸಿಕ್ಕಿತು. ಕುಗ್ಗಿದೆ. ತಿರುಗೋಣ ಅಂತ ಹುಟ್ಟು ಬಲಕ್ಕೆ ಹಾಕಿದೆ ನೋಡಿ, ಹಿಡಿಕೆ ಬಂದು ಗದ್ದಕ್ಕೆ ಬಡಿಯಿತು. ನಾನೊಂದು ಕಡೆ, ಹಲಗೆ ಒಂದು ಕಡೆ. ಎರಡನೇ ಅಲೆಗೂ ಅದೇ ಕಥೆ. ಮೂರನೆಯದಕ್ಕೆ ಮೂಗಿನ ತುಂಬ ಉಪ್ಪುನೀರು. ದಂಡೆಯಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಅಜ್ಜ ಅಷ್ಟು ಹೊತ್ತು ಸುಮ್ನೆ ನೋಡಿದವನು ಕೊನೆಗೆ ಕೇಳಿದ: "ತಮ್ಮಾ, ಅದು ಹುಟ್ಟೋ, ದೋಣಿ ತಳ್ಳೋ ಗಳವೋ?"

ಊರಿಗೆ ಬಂದವನೇ ನಮ್ಮ ಓಣಿಯ ಬಡಿಗೇರ ಹತ್ತಿರ ಓಡಿದೆ. ಹಿಡಿಕೆಗೆ ಬಿಸಿ ಗಾಳಿ ಹಿಡಿದು, ಅಂಟು ಮೆತ್ತಗಾದ ಮೇಲೆ ಎಳೆದೆವು. ಕೋಲಿಗೆ ಟೇಪು ಸುತ್ತಿ, ಸಣ್ಣ ಹಲ್ಲಿನ ಗರಗಸದಿಂದ ಕೊಯ್ದೆವು. ಕಾರ್ಬನ್ ಪುಡಿ ಕೆಟ್ಟದ್ದು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಡಿಗೇರರಿಗೆ ಮಾತ್ರ ಸಂಕಟ. "ಇಷ್ಟು ತುಟ್ಟಿ ಸಾಮಾನು, ಕಡದು ಸಣ್ಣದು ಮಾಡ್ತೀರೇನ್ರೀ?" 7 ಇಂಚು ಕಡಿದೆವು. ಮುಂದಿನ ವಾರ ಅದೇ ಕುಡ್ಲೆ, ಅದೇ ಹಲಗೆ. ಐದು ಅಲೆಯಲ್ಲಿ ಮೂರಕ್ಕೆ ದಂಡೆ ತನಕ ನಿಂತೇ ಬಂದೆ! ಅಜ್ಜ ಅವತ್ತು ಇರಲಿಲ್ಲ, ಅದೊಂದು ಬೇಜಾರು.

ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಹುಟ್ಟಿನ ಅಲಗು, ಅಂದರೆ ನೀರು ತಳ್ಳುವ ಅಗಲ ತುದಿ, ಸಣ್ಣದಿರಲಿ, 80-90 ಚದರ ಇಂಚು ಸಾಕು. ಅಲಗು ಹಲಗೆಯ ಮೂತಿ ಕಡೆ ವಾಲಿರಬೇಕು, ನಿಮ್ಮ ಕಡೆ ಅಲ್ಲ. ಹೊಸಬರು ಉಲ್ಟಾ ಹಿಡಿಯುತ್ತಾರೆ. ಉದ್ದ ಹೆಚ್ಚು ಕಡಿಮೆ ಮಾಡುವ ಪ್ಯಾಡಲ್ ಯಾರ ಹತ್ತಿರವಾದರೂ ಇದ್ದರೆ ಎರಡು ದಿನ ಕೇಳಿ ತಗೊಳ್ಳಿ, ನಿಮ್ಮ ಅಳತೆ ಹುಡುಕಿ, ಆಮೇಲೆ ಕೊಳ್ಳಿ. ಹಲಗೆಯ ಹಗ್ಗ ಕಾಲಿಗೆ ಕಟ್ಟಿಕೊಳ್ಳಿ. ಈಜು ಬರದವರು ಇಳಿಯಲೇಬೇಡಿ. ಮಳೆಗಾಲದಲ್ಲಂತೂ ಸಮುದ್ರದ ಕಡೆ ಸುಳಿಯಬೇಡಿ.

ಇನ್ನು ಕಾರ್ಬನ್ನೋ ಫೈಬರೋ ಅಂತ ಪತ್ರ ಬರೆಯುವವರು ದಯವಿಟ್ಟು ಮೊದಲ ಸಾಲಿನಲ್ಲಿ ನಿಮ್ಮ ಎತ್ತರ ಎಷ್ಟು ಅಂತ ಬರೆಯಿರಿ. ನಮಸ್ಕಾರ.