ರ‍್ಯಾಂಪ್ ಹತ್ತಿದ ಮೇಲೆ?

ಅಧ್ಯಕ್ಷರೇ, ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ದಾಟಿ ಮುಂಬೈಯ ಈ ಮಾಟುಂಗಾಕ್ಕೆ ಬಂದ ಬಂಧುಗಳೇ,

ಮುಂದಿನ ತಿಂಗಳು ನಮ್ಮ ಸಂಘದ ಆರೋಗ್ಯ ಶಿಬಿರ. ಪೋಸ್ಟರಿನಲ್ಲಿ ‘ವಿಕಲಚೇತನರಿಗೆ ವಿಶೇಷ ವ್ಯವಸ್ಥೆ’ ಅಂತ ಅಚ್ಚಾಗಿದೆ. ಏನಪ್ಪಾ ವ್ಯವಸ್ಥೆ ಅಂತ ಸಮಿತಿಯವರನ್ನು ಕೇಳಿದೆ. “ರ‍್ಯಾಂಪ್ ಇದೆ ಸಾರ್” ಅಂದರು. ಸಂತೋಷ. ರ‍್ಯಾಂಪ್ ಹತ್ತಿ ಒಳಗೆ ಬಂದ ಮೇಲೆ?

ನಮ್ಮ ಡೊಂಬಿವಲಿ ಬಿಲ್ಡಿಂಗಿನಲ್ಲಿ ಒಬ್ಬರು ಅಕ್ಕ ಇದ್ದಾರೆ, ಕುಂದಾಪುರದ ಕಡೆಯವರು. ಚಿಕ್ಕಂದಿನಲ್ಲೇ ಪೋಲಿಯೊ, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಬೇಕಿತ್ತು. “ತೂಕ ಎಷ್ಟು?” ಅಂತ ಡಾಕ್ಟರು ಕೇಳಿದರು. ಅಕ್ಕನನ್ನಲ್ಲ, ಹಿಂದೆ ನಿಂತಿದ್ದ ಭಾವನನ್ನು! ಹೆಂಡತಿಯ ತೂಕ ಬಾಯಿಬಿಟ್ಟು ಹೇಳುವ ಧೈರ್ಯ ಯಾವ ಗಂಡನಿಗಿದೆ ಹೇಳಿ? ಅಲ್ಲಿದ್ದ ಮಷೀನು ಹತ್ತಿ ನಿಲ್ಲುವಂಥದ್ದು. ನರ್ಸ್ ಒಮ್ಮೆ ಮೇಲಿಂದ ಕೆಳಗೆ ನೋಡಿ, “60 ಅಂತ ಬರೀತೀನಿ” ಅಂದರು. ಅರಿವಳಿಕೆ ಮದ್ದಿನ ಲೆಕ್ಕಕ್ಕೆ ತೂಕ ಬೇಕು ಸ್ವಾಮಿ, ಅಂದಾಜು ಸಾಕಾ?

ಅಕ್ಕ ಸೀದಾ ಭಂಗಾರವಾಲಾನ, ಅಂದರೆ ಗುಜರಿಯವನ ಅಂಗಡಿಗೆ ಹೋದರು. ಅಲ್ಲಿ ನೆಲಮಟ್ಟದ ತೂಕದ ಕಾಟಾ ಇದೆ. ಕುರ್ಚಿ ಸಮೇತ ತೂಗಿಸಿದರು. ಆಮೇಲೆ ಬರೀ ಕುರ್ಚಿ ತೂಗಿಸಿ ಕಳೆದರು. 48! “ಕುರ್ಚಿ ಕೊಡೋದಾದ್ರೆ ಒಳ್ಳೆ ರೇಟ್ ಹಾಕ್ತೀನಿ ತಾಯಿ” ಅಂದನಂತೆ ಅವನು.

ಇದೇ ಮುಂಬೈಯ ಹಾಜಿ ಅಲಿಯಲ್ಲಿ 1955ರಿಂದ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ ಇದೆ. ಕಿವುಡುತನ, ಮಾತಿನ ತೊಂದರೆಗೆ ಬಾಂದ್ರಾದಲ್ಲಿ ರಾಷ್ಟ್ರೀಯ ಸಂಸ್ಥೆ ಇದೆ. ಅವು ಬೇಕೇ ಬೇಕು. ಆದರೆ ಗಾಲಿಕುರ್ಚಿಯಲ್ಲಿ ಕೂತವರಿಗೂ ಜ್ವರ ಬರುತ್ತೆ, ಹಲ್ಲು ನೋಯುತ್ತೆ, ಬಿ.ಪಿ. ಏರುತ್ತೆ. ಆಗ ಅವರು ಹೋಗುವುದು ನಮ್ಮ ನಿಮ್ಮ ಗಲ್ಲಿಯ ಕ್ಲಿನಿಕ್ಕಿಗೇ ಅಲ್ವಾ? ಅಲ್ಲಿನ ಪರೀಕ್ಷೆಯ ಮಂಚ ಸೊಂಟದೆತ್ತರ. ಮೂರು ಜನ ಎತ್ತಿ ಮಲಗಿಸಬೇಕು. ಇಲ್ಲವೇ ಡಾಕ್ಟರು ಕುರ್ಚಿಯಲ್ಲೇ ನೋಡಿ ಕಳಿಸುತ್ತಾರೆ. ಹೊಟ್ಟೆಯ ಗಡ್ಡೆ ಕುರ್ಚಿಯಲ್ಲಿ ಕೂತರೆ ಕೈಗೆ ಸಿಗುತ್ತಾ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಾಗ ವೈಕಲ್ಯಗಳ ಪಟ್ಟಿ 7ರಿಂದ 21 ಬಗೆಗೆ ಬೆಳೆಯಿತು ಅಂತ ಎಲ್ಲರೂ ಭಾಷಣ ಮಾಡಿದೆವು. ಅದರ 25ನೇ ಸೆಕ್ಷನ್ ಓದಿದವರು ಕಡಿಮೆ. ಆಸ್ಪತ್ರೆಯ ಎಲ್ಲ ಭಾಗಗಳಲ್ಲೂ ಅಡೆತಡೆ ಇರಬಾರದು, ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕು ಅಂತಿದೆ. ಎಲ್ಲ ಭಾಗ ಅಂದರೆ ಎಕ್ಸ್‌ರೇ ಕೋಣೆ, ಶೌಚಾಲಯ, ಔಷಧಿ ಕೌಂಟರ್, ಮತ್ತೆ ನನ್ನ ಅದೇ ಮಂಚ. ಬೇಜಾರಾಗಬೇಡಿ, ಮಂಚ ಬಿಟ್ಟು ನಾನು ಜಾಸ್ತಿ ದೂರ ಹೋಗುವವನಲ್ಲ.

ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಕಿವಿ ಕೇಳದವರು ಬಂದರೆ ಕಿರುಚಬೇಡಿ, ಸನ್ನೆ ಭಾಷೆ ಬಲ್ಲವರನ್ನು ವಿಡಿಯೋ ಕಾಲ್‌ನಲ್ಲಾದರೂ ಕರೆಯಿರಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಇರುವ ಮಕ್ಕಳ ತಂದೆತಾಯಿಯರೇ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ವಿಚಾರಿಸಿ. ಉಳಿದದ್ದು ಚಹಾದ ಹೊತ್ತಿಗೆ.

ಇನ್ನೊಂದು. ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿ ತಂದಿಟ್ಟಿದ್ದೀರಿ, ಕಾಣುತ್ತಿದೆ. ಹಣ್ಣು ಇರಲಿ. ಶಾಲು ಅಂಗಡಿಗೆ ವಾಪಸ್ ಕೊಟ್ಟು, ಆ ದುಡ್ಡಿಗೆ ನೀವೂ ಒಂದಿಷ್ಟು ಸೇರಿಸಿ, ಶಿಬಿರಕ್ಕೆ ಒಂದು ನೆಲಮಟ್ಟದ ತೂಕದ ಮಷೀನು ಮತ್ತು ಒಂದು ತಗ್ಗಿನ ಮಂಚ ಬಾಡಿಗೆಗೆ ತನ್ನಿ. ಖಜಾಂಚಿಗಳು ತಲೆ ಆಡಿಸಿದರು. ಎಲ್ಲರೂ ನೋಡಿದ್ದೀರಿ.